ಚಿಮ್ಮಂಡೆಗೆ ಪಟಾಕಿ ಕಳಿಸಿದ ಸಾಹೇಬರಿಗೆ

ಕುಡಿಯುವ ನೀರಿನ ಹೊಣೆ ಹೊತ್ತ ಮಾನ್ಯರೇ,

ಹಂಗಳದ ಆಚೆಗಿನ ನಮ್ಮ ಕೇರಿಯಲ್ಲಿ ನಿಮ್ಮ ಟ್ಯಾಂಕಿನ ಪೈಪು ಒಡೆದು ನಾಲ್ಕು ತಿಂಗಳಾಯಿತು. ನೀರು ನಲ್ಲಿಗೆ ಬರುತ್ತಿಲ್ಲ. ನೀಲಾವತಿಯ ಮನೆಯ ಹಿಂದಿನ ಕೋಣೆಯ ಗೋಡೆಗೆ ಮಾತ್ರ ತಪ್ಪದೆ ಬರುತ್ತಿದೆ. ಕಿಟಕಿಯಿಲ್ಲದ ಆ ಕೋಣೆಯ ಥಂಡಿಗೆ ಚಿಮ್ಮಂಡೆಗಳು ಬಂದು ನೆಲೆಸಿವೆ. ಪುಸ್ತಕದಲ್ಲಿ ಜೀರುಂಡೆ ಎಂದು ಓದಿರುತ್ತೀರಿ, ಕತ್ತಲಲ್ಲಿ ಕಿರ್ರೆನ್ನುವ ಹುಳು. ಬರೀ ಕೂಗಿದ್ದರೆ ಸಹಿಸುತ್ತಿದ್ದೆವು. ನಿಮ್ಮ ಜನಸ್ಪಂದನ ಸಭೆಯ ಭಾಷಣಗಳನ್ನು ಸಹಿಸಿಲ್ಲವೇ? ಇವು ಬಟ್ಟೆ ತಿನ್ನುತ್ತವೆ. ನೀಲಾವತಿ ಹೊಲಿಗೆಯವಳು, ಆ ಮನೆಯ ಒಲೆ ಉರಿಯುವುದೇ ಆ ಕೋಣೆಯಲ್ಲಿರುವ ಅವಳ ಮಿಷನ್ನಿನಿಂದ. ಹೊಲಿಯಲು ಕೊಟ್ಟ ಮದುವೆ ರವಿಕೆಗೆ ತೂತು ಬಿದ್ದರೆ ಯಾವ ಗಿರಾಕಿ ಮತ್ತೆ ಬಂದಾಳು? ಮೂವರು ಆಗಲೇ ತೆರಕಣಾಂಬಿಯ ಟೈಲರ್ ಹತ್ತಿರ ಹೋದರು.

ಅವಳು ಅರ್ಜಿ ಕೊಟ್ಟಳು. ನಿಮ್ಮ ಕಚೇರಿ ಏನು ಮಾಡಿತು? 'ಕಾಡಂಚಿನ ಗ್ರಾಮ, ಜೀವಿಗಳ ಹಾವಳಿ' ಎಂಬಷ್ಟನ್ನೇ ಓದಿ ಅರ್ಜಿಯನ್ನು ಅರಣ್ಯದವರಿಗೆ ರವಾನಿಸಿತು. ಕಳೆದ ಗುರುವಾರ ವಾಚರ್ ಪುಟ್ಟಮಾದು ಆನೆ ಓಡಿಸುವ ಪಟಾಕಿ ಹಿಡಿದು ಬಂದ. ನಾನು ಅಲ್ಲೇ ಇದ್ದೆ. ರೂಢಿಯಂತೆ ಕೇಳಿದ: "ಒಂಟಿನೋ, ಗುಂಪೋ?"

ನೀಲಾವತಿಯ ಅತ್ತೆ ಗುರುಸಿದ್ದಮ್ಮ ಎಲೆಅಡಿಕೆ ಜಗಿಯುತ್ತಲೇ ಹೇಳಿದರು: "ಗುಂಪು ಕಣಪ್ಪ. ಮರಿ ಸಮೇತ ಬಂದವೆ."

"ಯಾವ ಕಡೀಕ್ ಓದ್ವು?"

"ಎಲ್ಲೂ ಓಗಿಲ್ಲ. ಮಿಷನ್ ಅಡಿ ಕುಂತವೆ, ಬಗ್ಗಿ ನೋಡು."

ಪುಟ್ಟಮಾದು ಬಗ್ಗಿ ನೋಡಿದ, ಗೋಡೆ ಮುಟ್ಟಿದ, ಒದ್ದೆಯಾದ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ. "ಪಟಾಕಿ ಒಡುದ್ರೆ ಬಟ್ಟೆ ಸುಟ್ಟೋಯ್ತವೆ ಕಣವ್ವ. ಪೈಪ್ ರಿಪೇರಿ ಮಾಡೋರ್ನ ಕಳ್ಸೋದ್ ಬುಟ್ಟು ನನ್ನ ಕಳ್ಸವ್ರಲ್ಲ."

ದಿನಗೂಲಿಯ ವಾಚರನಿಗೆ ಒಂದು ನಿಮಿಷದಲ್ಲಿ ಕಂಡದ್ದು ನಿಮಗೆ ನಾಲ್ಕು ತಿಂಗಳಲ್ಲಿ ಕಾಣಲಿಲ್ಲವೇ? ಕಂಡರೂ, ನಮ್ಮ ಕೇರಿಯ ಗೋಡೆ ತಾನೇ ಎಂದುಕೊಂಡಿರೇ? ಬಂದದ್ದಕ್ಕೆ ಅವನು ಹಾವಳಿಯ ನಮೂನೆ ತುಂಬಲೇಬೇಕಿತ್ತು. 'ಪ್ರಾಣಿ ಬಂದ ದಿಕ್ಕು' ಎಂಬಲ್ಲಿ ಪೆನ್ನು ನಿಂತಿತು. "ಟ್ಯಾಂಕ್ ಕಡೆಯಿಂದ ಅಂತ ಬರ್ಕೊಳಪ್ಪ" ಎಂದರು ಗುರುಸಿದ್ದಮ್ಮ. ಬರೆದುಕೊಂಡ. ಈಗ ಅದು ಸರ್ಕಾರಿ ದಾಖಲೆ.

ಸೋಮವಾರದೊಳಗೆ ಪೈಪು ಸರಿಯಾಗಬೇಕು; ಗೋಡೆಯನ್ನು ಬಿಸಿಲು ನೋಡಿಕೊಳ್ಳುತ್ತದೆ. ಆಗದಿದ್ದರೆ ಮಂಗಳವಾರದಿಂದ ನೀಲಾವತಿ ನಿಮ್ಮ ಕಚೇರಿಯ ಒಣ ವರಾಂಡದಲ್ಲಿ ಮಿಷನ್ ಹಾಕಿಕೊಂಡು ಹೊಲಿಯುತ್ತಾಳೆ. ಮಿಷನ್ ಅಡಿಯಲ್ಲಿರುವವರನ್ನೂ ಡಬ್ಬಿಯಲ್ಲಿ ಕರೆತರುತ್ತೇವೆ. ಮೂವತ್ತು ವರ್ಷ ಘೋಷಣೆ ಕೂಗಿ ನನ್ನ ಗಂಟಲು ಕೆಟ್ಟಿದೆ; ಈ ಸಲ ನಾನು ಸುಮ್ಮನೆ ಕೂರುತ್ತೇನೆ. ಕೂಗುವವರು ಬೇರೆ ಇದ್ದಾರೆ.

ಇಂತಿ,
ಧರಣಿಗೆಂದು ಹೊಲಿಯಲು ಕೊಟ್ಟ ಜುಬ್ಬಾವನ್ನು ಏಳು ತೂತುಗಳೊಂದಿಗೆ ಧರಿಸಲಿರುವ
ರಂಗಸ್ವಾಮಿ