ಕತ್ತರಿಸಿದ ತುದಿಗಳು

ಇಳಕಲ್ಲ
ತಾ. 9-7-2024, ಮಂಗಳವಾರ

ಪ್ರೀತಿಯ ತಂಗಿ ಚೇತನಾ,

ಬಾದಾಮಿಯಲ್ಲಿ ನೀನು, ರಾಜೇಶ, ಕೂಸು ಎಲ್ಲರೂ ಆರಾಮ ಇದ್ದೀರಾ? ಕೂಸಿಗೆ ಹಲ್ಲು ಬಂದಿರಬೇಕು. ಯಾರನ್ನು ಹೋಲುತ್ತದೆ ಎಂದು ಕೇಳುವ ಮುಖ ನನಗಿಲ್ಲ, ಆದರೂ ಕೇಳುತ್ತೇನೆ. ನನ್ನ ಫೋನು ನೀನು ಎತ್ತುವುದಿಲ್ಲ. ತಪ್ಪೇನಿಲ್ಲ ಬಿಡು, ನಾಲ್ಕು ವರ್ಷದ ಹಿಂದೆ ನೀನು ಮೆಚ್ಚಿದವನನ್ನು ಮದುವೆಯಾದಾಗ "ಈ ಹೊಸ್ತಿಲಾ ಇನ್ನೊಮ್ಮೆ ತುಳಿಬ್ಯಾಡ" ಅಂದ ಬಾಯಿ ಇದೇ. ಹರಿದು ಹಾಕುವ ಮೊದಲು ಈ ಕಾಗದ ಓದು.

ಅವ್ವನಿಗೆ ಲಕ್ವಾ ಹೊಡೆದು ಇಪ್ಪತ್ತು ದಿನವಾಯಿತು. ಬೇರೆಯವರ ಕೈಯಲ್ಲಿ ನಿನಗೆ ಹೇಳಿ ಕಳಿಸಲು ನನ್ನ ಸೊಕ್ಕು ಬಿಡಲಿಲ್ಲ. ಎಡಗೈ ಆಡುತ್ತದೆ, ಮಾತು ಪೂರ್ತಿ ನಿಂತಿದೆ. ಬಾಗಲಕೋಟೆಯ ಡಾಕ್ಟರು "ಮಾತು ಹೋದವ್ರಿಗೂ ಒಮ್ಮೊಮ್ಮೆ ಹಾಡು ಬರತೈತಿ. ಅವ್ರು ದಿನಾ ಹಾಡ್ತಿದ್ದದ್ದನ್ನ ಕೇಳಸ್ರಿ, ತಡಾ ಮಾಡಬ್ಯಾಡ್ರಿ" ಎಂದರು. ಅವ್ವ ಹಾಡುತ್ತಿದ್ದದ್ದು ಒಂದೇ, ಸೀರೆಯ ಒಡಲಿಗೆ ಸೆರಗಿನ ಎಳೆ ಜೋಡಿಸುವಾಗಿನ ಎಣಿಕೆಯ ಹಾಡು. ಅದು ಸಿಕ್ಕಿರುವುದು ಹೋದ ವರ್ಷ ಟಿವಿಯವರು ನಮ್ಮ ಮಗ್ಗಕ್ಕೆ ಬಂದು ಮಾಡಿದ ಕಾರ್ಯಕ್ರಮದಲ್ಲಿ ಮಾತ್ರ. ಅಂದು ನೋಡಿರೆಂದು ಊರಿಗೆಲ್ಲ ಹೇಳಿದೆ, ನಿನಗೊಬ್ಬಳಿಗೆ ಹೇಳಲಿಲ್ಲ. ಡಿಶ್ ಬಾಕ್ಸಿಗೆ ಪೆನ್ ಡ್ರೈವ್ ಹಾಕಿ ರೆಕಾರ್ಡ್ ಮಾಡಿಟ್ಟುಕೊಂಡಿದ್ದೆ.

ಆ ರೆಕಾರ್ಡು ಮೂರು ತುಂಡಾಗಿತ್ತು. ಹಾಡು ನಡುವೆಯೇ ನಿಲ್ಲುತ್ತಿತ್ತು. ನೇಕಾರನಿಗೆ ತುಂಡು ಜೋಡಿಸಲು ಯಾರು ಕಲಿಸಬೇಕು? ಮೊಬೈಲ್ ಅಂಗಡಿಯ ಅಬ್ದುಲಸಾಬರ ಕಂಪ್ಯೂಟರಿನಲ್ಲಿ, ಅವರು ಊಟಕ್ಕೆ ಹೋದಾಗ, ನಾನೇ ಜೋಡಿಸಿದೆ. ಗಂಟು ಬಿದ್ದ ಮೇಲೆ ಉಳಿದ ತುದಿ ಕತ್ತರಿಸುವುದು ನಮ್ಮ ಕೈಯ ರೂಢಿ ತಾನೇ, ಮೊದಲಿನ ಮೂರು ತುಂಡನ್ನೂ ಅಳಿಸಿಬಿಟ್ಟೆ. ಪೆನ್ ಡ್ರೈವಿನಲ್ಲಿ ಜಾಗ ಖಾಲಿಯಾಯಿತಲ್ಲ ಎಂದು ಅವ್ವನಿಗಾಗಿ ಭಜನೆ ಬೇರೆ ತುಂಬಿದೆ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದೆ. ಮನೆಗೆ ಬಂದು ಹಚ್ಚಿದರೆ ಅವ್ವನ ಮುಖ ಚೌಕ ಚೌಕವಾಗಿ ಒಡೆಯಿತು, ದನಿ ಗೊರಗೊರ ಎಂದು ನಿಂತಿತು. ಅಬ್ದುಲಸಾಬರು ಮೂರು ದಿನ ಕುಳಿತು ಚಿತ್ರ ಸರಿ ಮಾಡಿದರು. ದನಿ ಬರಲಿಲ್ಲ. "ಮೊದಲಿನ ತುಂಡು ಇದ್ರ ಹತ್ತ ನಿಮಿಷದ ಕೆಲಸ ಇತ್ತಲ್ಲೋ ಹುಚ್ಚೇಶಾ" ಎಂದರು. ಅಂಗಡಿಯ ಮುಂದೆ ನಿಂತು ಅತ್ತುಬಿಟ್ಟೆ, ತಂಗೀ, ನಾಚಿಕೆಯೂ ಆಗಲಿಲ್ಲ.

ನೀನೇನಾದರೂ ಆ ಕಾರ್ಯಕ್ರಮ ರೆಕಾರ್ಡ್ ಮಾಡಿಕೊಂಡಿದ್ದರೆ, ಕೈ ಮುಗಿಯುತ್ತೇನೆ, ಜೋಡಿಸದೆ, ಅಳಿಸದೆ, ಇದ್ದ ಹಾಗೇ ಕಳಿಸು. ನನಗೆ ಬೇರೆ ದಾರಿ ಕಾಣುತ್ತಿಲ್ಲ.

ರಾಜೇಶ ಅವರಿಗೆ ನನ್ನ ಶರಣಾರ್ಥಿ ಹೇಳು. ಕೂಸಿಗೆ ಸೋದರಮಾವನ ಮುತ್ತು. ನಿನ್ನ ಮಡಿಲು ತಣ್ಣಗಿರಲಿ.

ನಿನ್ನ ಅಣ್ಣ,
ಹುಚ್ಚೇಶ

ತಾ.ಕ.: ಲಕೋಟೆ ಅಂಟಿಸುವ ಮೊದಲು ಆ ದನಿಯಿಲ್ಲದ ಚಿತ್ರವನ್ನೇ ಅವ್ವನಿಗೆ ತೋರಿಸಿದೆ. ತನ್ನ ತುಟಿ ಆಡುವುದನ್ನು ನೋಡುತ್ತಾ ಕುಳಿತಳು. ಆಮೇಲೆ ಎಡಗೈ ಎತ್ತಿ ಮಗ್ಗದ ಪಕ್ಕದ ಮಣೆ ತೋರಿಸಿದಳು, ಎಳೆ ಹಿಡಿದು ನೀನು ಕೂರುತ್ತಿದ್ದ ಮಣೆ. ಅವಳ ಜೊತೆ ಹಾಡುತ್ತಿದ್ದವಳು ನೀನೊಬ್ಬಳೇ ಎಂಬುದು ಈ ಹೆಡ್ಡನಿಗೆ ಆಗ ಹೊಳೆಯಿತು. ರೆಕಾರ್ಡು ಹುಡುಕಬೇಡ. ಇದನ್ನು ಟಪಾಲಿಗೆ ಹಾಕುತ್ತಿಲ್ಲ, ಬಾದಾಮಿ ಬಸ್ಸಿನ ಕಂಡಕ್ಟರ್ ಹುಲ್ಲಪ್ಪನ ಕೈಯಲ್ಲೇ ಕೊಡುತ್ತಿದ್ದೇನೆ. ಅದೇ ಬಸ್ಸು ಗುಡೂರಿನ ಮೇಲೆ ಮರಳಿ ಬರುತ್ತದೆ. ಅದನ್ನೇ ಹತ್ತಿ ಬಾ. ಹೊಸ್ತಿಲಲ್ಲಿ ನಿಂತಿರುತ್ತೇನೆ.