ಮಲಗಿ ನೋಡದ ನೆಲ

ಕೌಟೊಕೇನೊ, ಜುಲೈ ೯

ಪ್ರೀತಿಯ ಅಜ್ಜಿ,

ಸೊಂಟದ ನೋವು ಹೇಗಿದೆ? ಆಸ್ಪತ್ರೆಯ ಕಾಫಿ ಈಗಲೂ ಪಾತ್ರೆ ತೊಳೆದ ನೀರಿನಂತೆಯೇ ಇದೆಯೇ? ಹೆಂದರತ್ ಮಾವ ಒಣಗಿಸಿದ ಹಿಮಸಾರಂಗದ ಮಾಂಸ ಕಳಿಸಿದ್ದಾನೆ. ನರ್ಸಿಗೆ ಕಾಣದಂತೆ ತಿನ್ನು. ನಾವೆಲ್ಲ ಕ್ಷೇಮ, ದಣಿದಿದ್ದೇವೆ ಅಷ್ಟೆ. ಸೂರ್ಯ ಮುಳುಗುವುದಿಲ್ಲ, ಸೊಳ್ಳೆ ಬಿಡುವುದಿಲ್ಲ.

ನೆಲವನ್ನು ಕೇಳದೆ ಡೇರೆ ಹಾಕಿದವನ ಕಥೆಯನ್ನು ನೀನು ಮೊದಲು ಹೇಳಿದ್ದು ನನ್ನ ಹಾಲುಹಲ್ಲು ಬಿದ್ದ ಬೇಸಿಗೆಯಲ್ಲಿ, ಹಿಮಸಾರಂಗದ ಕರುಗಳ ಕಿವಿಗೆ ಗುರುತು ಹಾಕುವ ಬೇಲಿಯ ಪಕ್ಕ. "ನಮ್ ಬಾಗ್ಲ ಮೇಲೇ ಒಲೆ ಹೂಡಿದೀಯಲ್ಲೋ!" ಎಂದು ನೆಲದಡಿಯವರು ಅವನ ಕಾಲು ಹಿಡಿದು ಎಳೆದದ್ದನ್ನು ಕೇಳಿ ನಾನು ನಿನ್ನ ಮಡಿಲು ಬಿಟ್ಟಿರಲಿಲ್ಲ. ಆ ಕಥೆ ಮೊನ್ನೆ ಮತ್ತೆ ಎದ್ದು ಬಂತು.

ನಿನಗಾಗಿ ಮೆಟ್ಟಿಲಿಲ್ಲದ ಪುಟ್ಟ ಮನೆ ಕಟ್ಟುವ ಜಾಗ ಹುಡುಕುವುದನ್ನೇ ನನ್ನ ಟೀಚರ್ ರಾಗ್ನಿ ಈ ಬೇಸಿಗೆಯ ಪಾಠವಾಗಿ ಕೊಟ್ಟಿದ್ದಾರೆ. ಅಂಗಳ, ದಾರಿ, ಗಿಡಮರಗಳನ್ನು ಎಲ್ಲಿ ಹೇಗೆ ಇಡಬೇಕೆಂಬುದು ನನ್ನ ಓದು. ಪುಸ್ತಕಗಳೆಲ್ಲ ದಕ್ಷಿಣದವು, ಅಲ್ಲಿ ನೆರಳಿಗೆ ಮರ ನೆಡುತ್ತಾರೆ. ನಾನು ಹುಟ್ಟಿದ ವರ್ಷ ನೀನು ನೆಟ್ಟ ಬರ್ಚ್ ಮರ ಇನ್ನೂ ನನ್ನ ಹೆಗಲು ದಾಟಿಲ್ಲ! ನಿನಗಿಷ್ಟದ ಹೊಳೆಯಂಚಿನಲ್ಲಿ ಕಬ್ಬಿಣದ ಸಲಾಕೆ ಸರ್ರನೆ ಇಳಿಯಿತು. ನೆಲದೊಳಗಿನ ಮಂಜುಗಡ್ಡೆ ಕರಗುತ್ತಿದೆ, ಅಲ್ಲಿ ಕಟ್ಟಿದರೆ ಮನೆ ವಾಲುತ್ತದೆ. ಬರ್ಚ್ ತೋಪಿನ ಹಿಂದೆ ನೆಲ ಗಟ್ಟಿ, ಗಾಳಿ ತಂದ ಹಿಮ ಬಾಗಿಲಿಗೆ ಬೀಳುವುದಿಲ್ಲ. ಅಲ್ಲೇ ಗೂಟ ಹೊಡೆದೆ.

ಮಾವ ಬಂದವನೇ, "ಏನಮ್ಮಾ ಇಂಜಿನಿಯರಮ್ಮಾ, ಮಲಗಿ ನೋಡ್ದೇನೇ ಗೂಟ ಹೊಡೆದ್ಯಾ? ನಿಮ್ ಕಾಲೇಜಲ್ಲಿ ನಿದ್ದೆ ಮಾಡೋದು ಕಲಿಸಲ್ವಾ?" ಎಂದ. "ನನ್ನ ಕ್ಲಾಸಲ್ಲಿ ಅದನ್ನ ಎಲ್ರೂ ತಾವೇ ಕಲಿತ್ಕೊಂಡಿದಾರೆ" ಎಂದರು ಜಾಗ ನೋಡಲು ಬಂದಿದ್ದ ರಾಗ್ನಿ. ಆಮೇಲೆ ಕಾಫಿ ಕಾಯಿಸುತ್ತ ನಿನ್ನ ಕಥೆಯನ್ನು ಎಲ್ಲರಿಗೂ ಹೇಳಿದೆ. ಹೊಸ ನೆಲದಲ್ಲಿ ಮೊದಲು ಮಲಗಬೇಕು, ಒಳ್ಳೆಯ ನಿದ್ದೆ ಬಂದರೆ ನೆಲದಡಿಯವರ ಒಪ್ಪಿಗೆ ಇದೆ ಎಂದು ಅರ್ಥ ಎಂದೂ ಹೇಳಿದೆ. ಯಾರೂ ನಗಲಿಲ್ಲ. ಮೊದಲು ಮಲಗಿ ನೋಡಿ ಆಮೇಲೆ ಗೂಟ ಎಂದು ಮರುದಿನ ಬೆಳಿಗ್ಗೆ ರಾಗ್ನಿ ತಾವೇ ಗೂಟಗಳನ್ನು ಕಿತ್ತರು. ಗೂಟಗಳ ಬುಡಕ್ಕೆ ನಾನು ಗಡಿಬಿಡಿಯಲ್ಲಿ ಇಟ್ಟಿದ್ದ ಕಲ್ಲುಗಳನ್ನು ಮಾವ ಉರುಳಿಸಿ, ಎದ್ದುಹೋಗಿದ್ದ ಪಾಚಿಯನ್ನು ನೆಲಕ್ಕೆ ಮತ್ತೆ ಸರಿಯಾಗಿ ಹೊದಿಸಿದ.

ನಿನ್ನ ಕೈ ನನ್ನ ತಲೆಯ ಮೇಲಿರಲಿ.

ನಿನ್ನ,
ಮಾರೆತ್

ತಾ.ಕ.: ಆ ತೋಪಿನ ಹಿಂದೆ ನಾನೇ ಮಲಗಿ ನೋಡಿದೆ, ಸತ್ತವಳಂತೆ ನಿದ್ದೆ ಬಂತು. ಆದರೆ ನಾನೀಗ ಬಂಡೆಯ ಮೇಲೂ ಮಲಗಿಬಿಡುತ್ತೇನೆ, ನನ್ನ ನಿದ್ದೆ ಸಾಕ್ಷಿಯಲ್ಲ. "ಆ ಮನೇಲಿ ಇರೋರೇ ಮಲಗ್ಬೇಕು" ಅನ್ನುತ್ತಾನೆ ಮಾವ. "ನಂಗೆ ಮನೆ ಬೇಡ, ನನ್ನ ಹಾಸಿಗೆ ಇನ್ನು ಇಲ್ಲೇ" ಎಂದು ನೀನು ಆಸ್ಪತ್ರೆಯಿಂದ ಫೋನಿನಲ್ಲಿ ಹೇಳಿದ್ದನ್ನು ಅಮ್ಮ ಹೇಳಿದಳು. ಬೇಡವಾದರೆ ಬೇಡ. ಆದರೆ ಬೇಡ ಎನ್ನುವುದಕ್ಕೂ ಒಮ್ಮೆ ಮಲಗಿ ನೋಡಬೇಕಲ್ಲ, ಅಜ್ಜಿ? ನಿನ್ನ ಸಾರಂಗದ ಚರ್ಮ ಅಲ್ಲೇ ಹಾಸಿಟ್ಟಿದ್ದೇವೆ. ನೆಲ ಹೆಪ್ಪುಗಟ್ಟುವ ಮೊದಲು ಬಾ.