ಅತ್ತೆ ಖಾಲಿ ಬಿಟ್ಟ ದಿನ

ಹೋಪ್‌ಡೇಲ್, ಲ್ಯಾಬ್ರಡಾರ್
ಮಾರ್ಚ್ ೯

ಅತ್ತೆ,

ನಿನ್ನೆ ಇಲ್ಲಿಗೆ ತಲುಪಿದೆವು. ಒಂದು ಮಾತು ಒಪ್ಪಿಕೊಳ್ಳಬೇಕು. ನೀವು ಬರೆದುಕೊಟ್ಟ ಪ್ರಯಾಣದ ಪಟ್ಟಿಯಲ್ಲಿ ಖಾಲಿ ಬಿಟ್ಟಿದ್ದ ದಿನವನ್ನು ನಾನು ಹೊರಡುವ ಮೊದಲೇ ಹೊಡೆದುಹಾಕಿದ್ದೆ.

ಪೋಸ್ಟ್‌ವಿಲ್ ದಾಟಿದ ಮೇಲೆ ಹಿಮಗಾಳಿ ಎದ್ದು, ನನ್ನ ಸ್ನೋಮೊಬೈಲಿನ ಮೂತಿಯೇ ನನಗೆ ಕಾಣದಾಯಿತು. ಆದರೂ ಹೆಪ್ಪುಗಟ್ಟಿದ ಕೊಲ್ಲಿ ದಾಟಿಬಿಡೋಣ ಎಂದೆ. ನಿಮ್ಮ ಮಗ ದಡದ ಗುಡಿಸಲ ಬಳಿ ಗಾಡಿ ನಿಲ್ಲಿಸಿ, "ಅಮ್ಮ ಈ ಜಾಗಕ್ಕೆ ಏನ್ ಬರ್ದಿದಾಳೆ ನೋಡು" ಅಂದ. ಪಟ್ಟಿಯ ಜೊತೆ ನೀವಿಟ್ಟಿದ್ದ ಚೀಟಿ ತೆಗೆದೆ. "ಮುಂದಿನ ಗುರುತುಕೋಲು ಕಾಣದಿದ್ರೆ ಗುಡಿಸಲಲ್ಲೇ ಉಳ್ಕೊಳ್ಳಿ. ಹುಲ್ಡಾ, ನೀನು ವಾದ ಮಾಡ್ಬೇಡ."

ನಗು ಬಂತು, ಉಳಿದುಕೊಂಡೆವು; ನಾನು ಹೊಡೆದುಹಾಕಿದ್ದ ಆ ಖಾಲಿ ದಿನ ಅಲ್ಲೇ ಕಳೆಯಿತು. ಮರುದಿನ ಗಾಳಿ ನಿಂತ ಮೇಲೆ ನೋಡಿದರೆ ಕೊಲ್ಲಿಯ ಮಂಜುಗಡ್ಡೆ ಒಡೆದು, ಕಪ್ಪು ನೀರು ಹೊಗೆಯಾಡುತ್ತಿತ್ತು. ಗುಡ್ಡ ಬಳಸಿ ಬರಬೇಕಾಯಿತು. ಅಷ್ಟು ದೂರಕ್ಕೆ ನಮ್ಮ ಪೆಟ್ರೋಲ್ ಸಾಲುತ್ತಿರಲಿಲ್ಲ. ಗುಡಿಸಲಿನ ಹಿಂದೆ ಹಿಮ ತೋಡಿದಾಗ, ಬೇಸಿಗೆಯಲ್ಲೇ ನೀವು ದೋಣಿಯಲ್ಲಿ ಕಳಿಸಿ ಇಡಿಸಿದ್ದ ಪೆಟ್ರೋಲ್ ಡಬ್ಬಗಳು ಸಿಕ್ಕವು. ಮೇಲೆ ಕೆಂಪು ಬಣ್ಣದಲ್ಲಿ ಸಾಲೋಮೆ ಎಂದು ನಿಮ್ಮ ಹೆಸರಿತ್ತು.

ನನ್ನ ಎಡಗೆನ್ನೆ ಚಳಿಗೆ ಸುಟ್ಟು ಕಪ್ಪಾಗಿದೆ. ನರ್ಸ್ ಮುಲಾಮು ಕೊಟ್ಟಿದ್ದಾಳೆ, ಗಾಬರಿಯಾಗಬೇಡಿ.

ನಿಮ್ಮ ಗೆಳೆಯ ಬೋವಾಸ್ ಬಾಗಿಲಲ್ಲೇ ನಿಂತು, "ಸಾಲೋಮೆ ಎಲ್ಲಿ?" ಅಂದರು. ಸೊಂಟ ಮುರಿದು ಮಲಗಿದ್ದಾರೆ, ದಾರಿ ಮಾತ್ರ ಅವರೇ ಬರೆದುಕೊಟ್ಟದ್ದು ಎಂದೆ. ಚೀಟಿಗಳನ್ನೆಲ್ಲ ಓದಿ, "ಮಲ್ಕೊಂಡೇ ನಿಮ್ಮಿಬ್ರನ್ನೂ ಇಲ್ಲೀತನಕ ಎಳ್ಕೊಂಡ್ ಬಂದ್ಲಲ್ಲ, ಮಹಾತಾಯಿ" ಅಂದರು.

ಅಂಚೆ ವಿಮಾನ ಇಳಿಯಿತು, ಓಡಬೇಕು. ಮುಂದಿನ ಚಳಿಗಾಲದ ದಾರಿ ಬರೆಯುವಾಗ ನನ್ನನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ನಾನು ಕಲಿಯಬೇಕು.

ನಿಮ್ಮ ಸೊಸೆ
ಹುಲ್ಡಾ